ಹನ್ನೆರಡು ಶಬ್ದದ ಕುದುರೆ

ಹೆದರುವವರ ಅಂಗಡಿಯನ್ನೇ ಹೆದರಿಕೆ ಹುಡುಕಿಕೊಂಡು ಬರುತ್ತದೆ. ಸೇಡಂ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಎಂ.ಎ. ಓದುವಾಗ ಗುಡುಗಿಗೆ ಮಾತ್ರ ಹೆದರುತ್ತಿದ್ದೆ. ಅಂಗಡಿ ಇಟ್ಟ ಮೇಲೆ ಒಟಿಪಿಗೂ ಹೆದರುತ್ತೇನೆ. ಆದರೆ ನನ್ನ ನಾದಿನಿಯ ಕುದುರೆ ಹೆದರಿಸಿದಷ್ಟು ಯಾವುದೂ ಹೆದರಿಸಿಲ್ಲ. ಆ ಕುದುರೆ ಬದುಕಿರುವುದು ಮೊಬೈಲಿನಲ್ಲಿ.

೧. ಲ್ಯಾಮಿನೇಷನ್

ನಾದಿನಿ ಚಿತ್ತಾಪುರದಲ್ಲಿ ಗಣಿತದ ಟೀಚರ್. ಒಂದು ಬ್ಲಾಕ್‌ಚೈನ್ ಆಟದಲ್ಲಿ ಮೂರು ವರ್ಷದಿಂದ ಕಂದು ಬಣ್ಣದ ಹೆಣ್ಣುಕುದುರೆ ಸಾಕಿದ್ದಾಳೆ. ಹೆಸರು ಕಾಗಿಣಾ. ದಿನಾ ಹುಲ್ಲು ಹಾಕಬೇಕು, ಮೈ ತಿಕ್ಕಬೇಕು. ಒಂದಿನ ಚೀಟಿಯೊಂದನ್ನು ತಂದು ನನ್ನ ಮುಂದಿಟ್ಟಳು.

“ವೈನಿ, ಇದರಾಗ ಹನ್ನೆರಡು ಇಂಗ್ಲಿಷ್ ಶಬ್ದ ಅವ. ಆ ಆಟದಾಗ ಹೆಸರು ಕೇಳಂಗಿಲ್ಲ, ಫೋಟೊ ಇಲ್ಲ, ಆಧಾರ್ ಇಲ್ಲ. ಈ ಹನ್ನೆರಡು ಯಾರು ಹೇಳ್ತಾರ, ಅವರೇ ನಾನು.”

“ಕಳದ್ರ?”

“ಕಳದ್ರ ನಾನೂ ಇಲ್ಲ, ಕುದುರೀನೂ ಇಲ್ಲ. ಯಾರಿಗೂ ತೋರಿಸಬ್ಯಾಡ್ರಿ ಅಂತ ದಪ್ಪ ಅಕ್ಷರದಾಗ ಬರದಾರ.”

“ಮತ್ತ ನನ್ನ ಮುಂದ ಯಾಕ ತಂದೆವ್ವಾ?”

“ಲ್ಯಾಮಿನೇಷನ್ ಮಾಡ್ರಿ. ಒಂದು ಝೆರಾಕ್ಸೂ ತೆಗೀರಿ, ಇರ್ಲಿ.”

ಕಣ್ಣು ಮುಚ್ಚಿಕೊಂಡು ಝೆರಾಕ್ಸ್ ತೆಗೆದೆ. ಕಾಗದದ ತುಂಬ ನನ್ನ ಬಳೆಗಳೇ ಬಂದಿದ್ದವು.

೨. ಭಾಗ ಹಂಚಿದ್ದು

ಎರಡನೇ ಸಲ ಕಣ್ಣು ತೆರೆದು ತೆಗೆದ ಝೆರಾಕ್ಸನ್ನು ನಾದಿನಿ ನನ್ನ ಕತ್ತರಿಯಿಂದಲೇ ಕತ್ತರಿಸಿದಳು. “ಲ್ಯಾಮಿನೇಷನ್ ನನ್ನ ರೇಷ್ಮಿ ಸೀರಿ ಮಡಿಕ್ಯಾಗ ಇರ್ತದ. ಕಳ್ಳರು ಸೀರೀನೇ ಒಯ್ದ್ರ? ಅದಕ್ಕ ಹನ್ನೆರಡನ್ನ ಮೂರರಿಂದ ಭಾಗಿಸಿದ್ರ ನಾಕು, ಶೇಷ ಸೊನ್ನೆ.”

ಮೊದಲ ನಾಲ್ಕು ಶಬ್ದ ನನಗೆ. ಮುಂದಿನ ನಾಲ್ಕು ವಾಡಿಯಲ್ಲಿರುವ ಮೈದುನನಿಗೆ. ಕೊನೆಯ ನಾಲ್ಕು ಚಿಮ್ಮನಚೋಡದ ಅಕ್ಕನಿಗೆ. ಅಕ್ಕ ಅಂದರೆ ನನ್ನ ಗಂಡನ ಅಕ್ಕ, ನಮ್ಮ ಮನೆಯವರಿಗೆಲ್ಲ ಹಿರಿಯಳು, ಅಂಗನವಾಡಿ ಕೆಲಸ ಮಾಡಿ ನಿವೃತ್ತಳಾದವಳು, ಮೊಬೈಲ್ ಒತ್ತುವುದರಲ್ಲಿ ನಮಗಿಂತ ಚುರುಕು. ಒಬ್ಬರ ಶಬ್ದ ಇನ್ನೊಬ್ಬರಿಗೆ ಹೇಳಬಾರದೆಂದು ನಾದಿನಿ ಎಲ್ಲರಿಂದ ಆಣೆ ಹಾಕಿಸಿಕೊಂಡಳು.

ಆವತ್ತಿನಿಂದ ನನ್ನ ಬಾಯಲ್ಲಿ ನಾದಿನಿಯ ಮೂರನೇ ಒಂದು ಭಾಗ. ಎಲ್ಲಿ ಜಾರಿಬೀಳುತ್ತಾಳೋ ಎಂದು ಗಿರಾಕಿಗಳ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದೆ. ನಮ್ಮನೆಯವರು, “ಹಲ್ಲು ನೋಯ್ಲಿಕತ್ತದೇನು?” ಅಂದರು. ಹತ್ತೇ ದಿನ. ತಡೆಯಲಾರದೆ ಅಕ್ಕನಿಗೆ ಫೋನ್ ಹಚ್ಚಿದೆ.

“ಅಕ್ಕಾ, ನನ್ನ ಕೈಲಿ ಆಗಂಗಿಲ್ರಿ. ನನ್ನ ನಾಕೂ ನೀವೇ ಇಟ್ಕೊಳ್ರಿ.”

“ಹೇಳವ್ವಾ, ಬರ್ಕೋತೀನಿ.”

“ಯಾರಿಗೂ ಹೇಳಬ್ಯಾಡ್ರಿ ಮತ್ತ.”

“ಅವನೂ ಹಂಗೇ ಅಂದ,” ಅಂದಳು ಅಕ್ಕ.

ಅವನು ಅಂದರೆ ಯಾರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

೩. ಸಂಜೆಯ ದೀಪ

ಮುಂದೆ ಒಂದು ಕುಬಸದ ಕಾರ್ಯಕ್ಕೆ, ಅಂದರೆ ಬಸುರಿಯ ಸೀಮಂತಕ್ಕೆ, ಚಿಮ್ಮನಚೋಡಕ್ಕೆ ಹೋಗಿದ್ದೆ. ಸಂಜೆ ಅಕ್ಕ ದೀಪ ಹಚ್ಚಿ, ಕಣ್ಣು ಮುಚ್ಚಿ, ದೇವರ ನಾಮ ಹೇಳಿದಳು. ಅದೇ ರಾಗದಲ್ಲಿ ಮುಂದುವರಿದು ಹನ್ನೆರಡು ಇಂಗ್ಲಿಷ್ ಶಬ್ದ ಹೇಳಿದಳು. (ಅವು ಯಾವುವು ಅಂತ ಬರೆಯಲಾರೆ, ಆಣೆ ಇದೆ.) ಪಕ್ಕದ ಮನೆಯಾಕೆ ಒಂದೊಂದು ಶಬ್ದಕ್ಕೂ ಒಂದೊಂದು ಸಲ ಗಂಟೆ ಬಾರಿಸಿದಳು.

“ಅಕ್ಕಾ, ಇದೇನ್ರಿ ಇದು!”

“ಕಾಗದ ಇಲಿ ತಿಂತಾವವ್ವಾ. ಬಾಯಾಗ ಇದ್ರ ಯಾರು ತಿಂತಾರ?”

ಪಕ್ಕದ ಮನೆಯಾಕೆ ಗಂಟೆ ಕೆಳಗಿಟ್ಟು ನನಗೆ ಧೈರ್ಯ ಹೇಳಿದಳು: “ಭಾಳ ಶಕ್ತಿ ಅದರಿ ಈ ಮಂತ್ರಕ್ಕ. ಓಣಿಗೆಲ್ಲ ಬಾಯಿಪಾಠ ಆಗೇದ. ಮೊನ್ನೆ ಹಾಲು ಕೊಡಲಾರದ ನಮ್ಮ ಎಮ್ಮಿ ಇದನ್ನ ಕೇಳೇ ಕೊಟ್ಟದ.”

೪. ಖಾಲಿ ಲಾಯ

ಅಷ್ಟರಲ್ಲಿ ಆಟದವರು ಸುದ್ದಿ ಕಳಿಸಿದರು: ತಿಂಗಳ ಕೊನೆಗೆ ಆಟ ಮುಚ್ಚುತ್ತೇವೆ, ನಿಮ್ಮ ಪ್ರಾಣಿಯನ್ನು ಬೇರೆ ಆಟಕ್ಕೆ ಒಯ್ಯಿರಿ, ಹನ್ನೆರಡು ಶಬ್ದ ಹೇಳಿದರೆ ಅಲ್ಲಿಯೂ ಅದು ನಿಮ್ಮದೇ. ಒಯ್ಯದಿದ್ದರೆ ಕುದುರೆ ಹೋಯಿತು. ನಾದಿನಿ ಆಗ ಪೇಪರ್ ತಿದ್ದಲು ಕಲಬುರಗಿಗೆ ಹೋಗಿದ್ದಳು. ಅಲ್ಲಿ ಮೊಬೈಲ್ ಒಳಗೆ ಬಿಡುವುದಿಲ್ಲವೆಂದು ಅದನ್ನು ಮನೆಯಲ್ಲೇ ಬಿಟ್ಟಿದ್ದಳು, ಸುದ್ದಿ ತಡವಾಗಿ ತಿಳಿಯಿತು. ಕೊನೆಯ ದಿನ ಬಸ್ಸಿಳಿದು ಸೀದಾ ನನ್ನ ಅಂಗಡಿಗೆ ಓಡಿ ಬಂದು ಕಂಪ್ಯೂಟರಿನಲ್ಲಿ ಆಟ ತೆರೆದಳು.

ಲಾಯ ಖಾಲಿ.

“ವೈನಿ, ಯಾರೋ ನಾನಾಗಿ ಬಂದು ಒಯ್ದಾರ್ರೀ.” ಮೂರು ವರ್ಷ ಮೈ ತಿಕ್ಕಿದ ಕುದುರೆ.

ಮೈದುನನಿಗೆ ಫೋನ್ ಹಚ್ಚಿದೆ. ನಾನು ಕೇಳುವ ಮೊದಲೇ, “ನಾ ಅಕ್ಕಾಗ ಮಾತ್ರ ಹೇಳೀನ್ರಿ!” ಅಂತ ಕೂಗಿದ. ನಾನು ತಲೆ ತಗ್ಗಿಸಿ, “ನಾನೂ,” ಅಂದೆ. ಓಣಿಯ ಮಂತ್ರದ ಸಂಗತಿಯನ್ನೂ ಹೇಳಿದೆ. ನಾದಿನಿ ನನ್ನ ಫೋನ್ ಕಸಿದುಕೊಂಡು ಅಕ್ಕನಿಗೆ ಹಚ್ಚಿದಳು.

“ಅಕ್ಕಾ, ಕಾಗಿಣಾ ಎಲ್ಲಿ?”

“ನನ್ನ ಹತ್ರಾನೇ ಅದ. ನೀ ಹೋಗಿ ಪೇಪರ್ ತಿದ್ಕೋತ ಕುಂತಿ, ಮೂಕಪ್ರಾಣಿ ಉಪವಾಸ ಬಿದ್ದಿತ್ತು. ನಾನೇ ಹುಲ್ಲು ಹಾಕ್ಲಿಕತ್ತಿದ್ದೆ. ಆಟ ಮುಚ್ತೀವಿ ಅಂದ್ರು, ಬ್ಯಾರೆ ಆಟಕ್ಕ ಹೊಡ್ಕೊಂಡು ಬಂದೆ.”

“ನಿನಗ ಹೆಂಗ ಬಿಟ್ರು?”

“ಹನ್ನೆರಡೂ ಹೇಳಿದೆ. ನಾನೇ ನೀನಾದೆ.”

ಹೊಸ ಆಟ ತೆರೆದೆವು. ಒಂದು ಕೆರೆ, ಅದರ ತುಂಬ ಬಾತುಕೋಳಿ, ನಡುವೆ ಒಂದು ಬೂದು ಬಣ್ಣದ ಡಬ್ಬಿ. ಡಬ್ಬಿಯ ಮೇಲೆ ಕಾಗಿಣಾ ಎಂದು ಹೆಸರು. ಆ ಆಟದವರಿಗೆ ಗೊತ್ತಿರುವುದು ಬಾತುಕೋಳಿ ಮಾತ್ರ. ಕುದುರೆಯ ಹೆಸರನ್ನೂ ಒಡತಿಯನ್ನೂ ಒಪ್ಪಿಕೊಂಡಿದ್ದರು, ಕುದುರೆಯ ಚಿತ್ರ ಅವರ ಬಳಿ ಇರಲಿಲ್ಲ.

“ಸತ್ತದೇನಕ್ಕಾ?” ನಾದಿನಿ ಫೋನಿನಲ್ಲೇ ಕೇಳಿದಳು.

“ಹುಚ್ಚಿ, ಹುಲ್ಲು ಹಾಕಿ ನೋಡು.”

ನಾದಿನಿ ಒತ್ತಿದಳು. ಹುಲ್ಲು ಮಾಯವಾಯಿತು. ಡಬ್ಬಿ ಒಮ್ಮೆ ಅಲುಗಾಡಿತು.

“ತಿಂತದ್ರೀ ವೈನಿ,” ಅಂದಳು, ಕಣ್ಣೊರೆಸಿಕೊಳ್ಳುತ್ತ. “ನಮ್ದೇ.”

ಆವತ್ತೇ ಹೊಸ ಹನ್ನೆರಡು ಶಬ್ದ ತೆಗೆಸಿ, ಆ ಹೊಸವನ್ನು ಹೇಳಿದವರಿಗೆ ಮಾತ್ರ ಡಬ್ಬಿ ಸಿಗುವಂತೆ ಮಾಡಿದಳು. ಇನ್ನು ಸತ್ತರೂ ಯಾರಿಗೂ ಹೇಳುವುದಿಲ್ಲ ಅಂತ ತನಗೆ ತಾನೇ ಆಣೆ ಹಾಕಿಕೊಂಡು ಹೋದಳು. ಮರುದಿನ ಮುಂಜಾನೆ ನಾನು ಶಟರ್ ಎತ್ತುವಷ್ಟರಲ್ಲಿ ಚೀಟಿ ಹಿಡಿದು ನಿಂತಿದ್ದಳು.

“ಲ್ಯಾಮಿನೇಷನ್ ಒಂದು, ಝೆರಾಕ್ಸ್ ಒಂದು.”

“ಝೆರಾಕ್ಸ್ ಯಾರಿಗವ್ವಾ?”

“ಅಕ್ಕಾಗ. ಮತ್ತ ಪೇಪರ್ ತಿದ್ದಲಿಕ್ಕೆ ಕರದ್ರ ಹುಲ್ಲು ಯಾರು ಹಾಕ್ತಾರ?”

“ಒಂದೇ ಸಾಕಾ?”

“ಸಾಕ್ರಿ. ಓಣಿಗೆಲ್ಲ ಆಕೀನೇ ಹೇಳ್ತಾಳ.”