ದೊಡ್ಡಮ್ಮನ ಇಸಿಜಿ ಸುತ್ತಿದ ಮೂರು ಊರು

ನಮ್ಮನೆಯಲ್ಲಿ ಯಾರಾದರೂ ಸೀನಿದರೂ ಅದೊಂದು ಕತೆಯಾಗಿ ಜಯಪುರದ ಬಸ್‌ಸ್ಟ್ಯಾಂಡ್ ಮುಟ್ಟುತ್ತೆ. ಕತೆಯ ಮೂಲ ಹುಡುಕುತ್ತಾ ಬಂದವರು ಯಾಕೋ ನನ್ನ ಮುಂದೆಯೇ ನಿಲ್ಲುತ್ತಾರೆ. ಎಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ದೊಡ್ಡಮ್ಮನ ಮನೆ ಸೇರಿದ ಹುಡುಗಿ ನಾನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ ಅನ್ನೋ ಒಂದೇ ಯೋಗ್ಯತೆಗೆ ಆಸ್ಪತ್ರೆಗೆಲ್ಲ ನಾನೇ ಜೊತೆ.

ಆ ವರ್ಷ ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ಬಸುರಿ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಆದರೆ ದೊಡ್ಡಮ್ಮನಿಗೆ ದಿಬ್ಬ ಹತ್ತಿದರೆ ಏದುಸಿರು. ನಿನ್ನ ಎದೆ ಸರಿಯಿದೆ ಅಂತ ಡಾಕ್ಟ್ರು ಹೇಳಿದ್ರೆ ಬರ್ತೀನಿ, ಇಲ್ದಿದ್ರೆ ಅತ್ತೆ ಮನೆಯಲ್ಲೇ ಇರ್ತೀನಿ ಅಂತ ಅಕ್ಕ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಳು.

೧. ಕೊಪ್ಪ

ಇಸಿಜಿಗೆ ಮಲಗಿಸುವ ಮುಂಚೆ ನರ್ಸಮ್ಮ ಮೈಮೇಲಿನ ಒಡವೆಯೆಲ್ಲ ತೆಗೆಯಿರಿ ಅಂದರು. ಬಳೆ ಬಂತು, ಕರಿಮಣಿ ಬರಲಿಲ್ಲ. ಗಂಡ ಗಟ್ಟಿಯಾಗಿರುವಾಗ ಅದನ್ನು ತೆಗೆಯೋ ಮಾತೇ ಇಲ್ಲ ಅಂತ ದೊಡ್ಡಮ್ಮ. ಅದು ಎದೆ ಮೇಲಿದ್ದರೆ ಎದೆಗೆ ಅಂಟಿಸೋ ಮಿಷನ್ನಿನ ರಬ್ಬರ್ ಬುರುಡೆ ಕೂರಲ್ಲ ಅಂತ ನರ್ಸಮ್ಮ. ಕಡೆಗೆ ದೊಡ್ಡಮ್ಮ ಕರಿಮಣಿಯನ್ನು ಮೇಲಕ್ಕೆಳೆದು ಹಲ್ಲಲ್ಲಿ ಕಚ್ಚಿಕೊಂಡು ಮಲಗಿದಳು. ಧೈರ್ಯಕ್ಕಿರಲಿ ಅಂತ ನಾನು ಕಾಲ ಬಳಿ ನಿಂತೆ.

ಪಟ್ಟಿ ನೋಡಿದ ಡಾಕ್ಟರು, ತೊಂದರೆ ಇದೆ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ ಅಂದರು.

ಹೊರಗೆ ಬಂದ ದೊಡ್ಡಮ್ಮ, "ಇಷ್ಟು ಹೇಳೋಕೆ ನಮ್ಮೂರ ಜೋಯಿಸರೇ ಸಾಕಿತ್ತಲ್ಲೇ ಮಾರಾಯ್ತಿ" ಅಂದಳು.

೨. ನಮ್ಮನೆ ಜಗಲಿ

ಸುದ್ದಿ ಕೇಳಿ ಪಕ್ಕದ ಮನೆ ಚಿಕ್ಕಮ್ಮ ತಮ್ಮ ಹಳೇ ಇಸಿಜಿ ಪಟ್ಟಿ ತಂದರು. ಅದರ ಅರ್ಥ ಏನಂತ ಅವರಿಗೂ ಯಾರೂ ಬಿಡಿಸಿ ಹೇಳಿರಲಿಲ್ಲವಂತೆ. ಎರಡನ್ನೂ ಪಕ್ಕಪಕ್ಕ ಹಾಸಿದರು. ನಂದು ಹೊಲಿಗೆ ಹಾಕಿದ ಹಾಗಿದೆ, ನಿಂದು ಕೋಳಿ ಕೆರೆದ ಹಾಗಿದೆ ಅಂತ ಚಿಕ್ಕಮ್ಮ ಬೀಗಿದರು. ದೊಡ್ಡಮ್ಮನ ಮುಖ ಸಣ್ಣದಾಯಿತು.

ನನಗೆ ತಡೆಯಲಿಲ್ಲ. ಈ ಗುಡ್ಡ ಎದ್ದಲ್ಲಿ ದೊಡ್ಡಮ್ಮನಿಗೆ ದೊಡ್ಡಪ್ಪ ನೆನಪಾಗಿದ್ದಾರೆ, ಈ ಹೊಂಡ ಬಿದ್ದಲ್ಲಿ ಅಕ್ಕನ ಅತ್ತೆ ಅಂತ ಬೆರಳಿಟ್ಟು ಓದಿದೆ. ಇಬ್ಬರೂ ತಲೆದೂಗಿದರು. ತಮ್ಮದನ್ನೂ ಓದು ಅಂದರು ಚಿಕ್ಕಮ್ಮ.

"ನಿಮ್ದು ಒಂದೇ ಸಮ ಇದೆ ಚಿಕ್ಕಮ್ಮ. ಯಾರೂ ನೆನಪಾಗಿಲ್ಲ."

ಅವತ್ತು ಅವರು ಕಾಫಿ ಕುಡಿಯದೆ ಹೋದರು.

೩. ಶೃಂಗೇರಿ

ಅಲ್ಲಿಯ ವಯಸ್ಸಾದ ಡಾಕ್ಟರ ಮೇಜಿನ ಮೇಲೆ ದೊಡ್ಡಮ್ಮ ಪಟ್ಟಿ ಬಿಡಿಸಿ, ಗುಡ್ಡದ ಮೇಲೆ ಬೆರಳಿಟ್ಟಳು. "ನಮ್ಮನೆಯವ್ರು ಇಲ್ಲೊಂದೇ ಕಡೆ ಬಂದಿದ್ದಾರೋ, ಮುಂದೆಯೂ ಇದ್ದಾರೋ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ಆಮೇಲೆ ದೊಡ್ಡಮ್ಮನ ಬಿಪಿ ನೋಡಿದರೆ ಏರಿತ್ತು. ನನ್ನ ಕಡೆ ಬೆರಳು ತೋರಿಸಿಕೊಂಡೇ ದೊಡ್ಡಮ್ಮ ಅದರ ಕಾರಣ ಹೇಳಿದಳು. ಗೀಟು ನಡುಗಿದೆ, ಇದರಲ್ಲಿ ಏನೂ ಹೇಳೋಕಾಗಲ್ಲ, ಇನ್ನೊಮ್ಮೆ ತೆಗೆಸಿ ಅಂದರು ಡಾಕ್ಟರು.

೪. ನರಸಿಂಹರಾಜಪುರ

ಸಿಟ್ಟು ಇಳಿದ ಚಿಕ್ಕಮ್ಮನೂ ತಮ್ಮ ಪಟ್ಟಿ ಹಿಡಿದು ಬಸ್ಸು ಹತ್ತಿದರು. ಲೇಡಿ ಡಾಕ್ಟರು ಅವರದನ್ನು ನೋಡಿ ಪರೀಕ್ಷೆ ಮಾಡಿ, ಗಾಬರಿಯಾಗುವಂಥದ್ದೇನೂ ಇಲ್ಲ ಅಂದರು. ದೊಡ್ಡಮ್ಮನ ಪಟ್ಟಿ ನೋಡಿದವರು ಮಾತ್ರ ಹುಬ್ಬು ಗಂಟಿಕ್ಕಿದರು.

"ಇದನ್ನ ತೆಗೆಯುವಾಗ ಚಳಿ ಇತ್ತಾ ಅಮ್ಮ? ಮೈಯೆಲ್ಲ ಕುಲುಕಿದೆ."

ದೊಡ್ಡಮ್ಮ ಮೆಲ್ಲಗೆ ಬಾಯಿಬಿಟ್ಟಳು. "ಚಳಿ ಅಲ್ಲ ಡಾಕ್ಟ್ರೇ. ಇವ್ಳು ಕಾಲ ಬುಡದಲ್ಲಿ ನಿಂತು, ನಮ್ಮನೆಯವ್ರು ಕಷಾಯ ಕುಡಿಯೋದನ್ನ ಮಾಡಿ ತೋರಿಸ್ತಿದ್ಲು. ಬಾಯಲ್ಲಿ ಕರಿಮಣಿ. ನಗೋ ಹಾಗಿಲ್ಲ, ಹೊಟ್ಟೇಲೇ ತಡ್ಕೊಂಡೆ."

ನನ್ನನ್ನು ಹೊರಗೆ ಹಾಕಿ ಬಾಗಿಲು ಹಾಕಿದರು. ಕರಿಮಣಿಯನ್ನು ಹೆಗಲ ಹಿಂದಕ್ಕೆ ಸರಿಸಿ ಹೊಸ ಪಟ್ಟಿ ತೆಗೆದರು. ಹೊಲಿಗೆ ಹಾಕಿದ ಹಾಗೇ ಬಂತು. ಏದುಸಿರು ರಕ್ತ ಕಡಿಮೆಯಾಗಿದ್ದಕ್ಕೆ. ಮಾತ್ರೆ ತಗೊಳ್ಳಿ, ಬಾಣಂತಿಗೆ ನೀರು ಹಾಕಬಹುದು, ಕೊಡ ಮಾತ್ರ ಬೇರೆಯವರು ಹೊರಲಿ ಅಂದರು. ಬೇರೆಯವರು ಯಾರು ಅಂತ ಯಾರೂ ಕೇಳಲಿಲ್ಲ.

ಬಸ್‌ಸ್ಟ್ಯಾಂಡಿನ ಕಾಯಿನ್ ಫೋನಿನಿಂದ ಸುದ್ದಿ ಮುಟ್ಟಿಸಿದೆವು. ಅಕ್ಕ ಬಂದಳು, ಹೆತ್ತಳು. ಹೊಟ್ಟೆಗೆ ಹೊಲಿಗೆ ಬಿದ್ದಿತ್ತು. ನಕ್ಕರೆ ಜೀವ ಹೋಗುತ್ತೆ, ಅವಳನ್ನ ಬಚ್ಚಲ ಹತ್ತಿರ ಬಿಡಬೇಡಿ ಅಂತ ಗೋಗರೆದಳು. ನೀರು ಹೊರುವವಳು ನಾನೇ, ಬಿಡದೆ ಹೇಗೆ?

ಮೊದಲ ದಿನ ಕೊಡ ಎತ್ತುವ ಮುಂಚೆ ದೊಡ್ಡಮ್ಮ ನನ್ನ ಬಾಯಿಗೆ ಒಂದು ಅಚ್ಚು ಬೆಲ್ಲ ತುರುಕಿದಳು.

"ಈಗ ನೀನು ಕಚ್ಕೋ."

ಮೂರು ಕೊಡದ ತನಕ ಬೆಲ್ಲ ತಡೆಯಿತು. ನಾಲ್ಕನೆಯದಕ್ಕೆ ಬೆಲ್ಲ ಕರಗಿತ್ತು. ಬಚ್ಚಲೊಳಗಿಂದ ಅಕ್ಕ ಅಳುತ್ತಾ ನಗುತ್ತಾ ನನ್ನನ್ನು ಬೈಯುವುದು ಪಕ್ಕದ ಮನೆ ಚಿಕ್ಕಮ್ಮನಿಗೂ ಕೇಳಿಸಿತಂತೆ.