ನಮ್ಮ ಆಫೀಸಿನ ಉಪಕಾರಿಗಳು

ರಾಜಾಜಿನಗರದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಇಲ್ಲಿ ಯಾರೂ ತಮ್ಮ ಕೆಲಸವನ್ನಷ್ಟೇ ಮಾಡಿಕೊಂಡು ಸುಮ್ಮನಿರುವುದಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

೧

ಬಾಗಿಲ ಬಳಿಯ ತುಳಸಿ ಬಾಡುತ್ತಿದೆ ಎಂದು ಬಂದವರೆಲ್ಲ ನೀರು ಹಾಕಿದರು. ಯಾರೂ ಯಾರಿಗೂ ಹೇಳಲಿಲ್ಲ. ಬೇರು ಕೊಳೆತು ಗಿಡ ಸತ್ತಿತು. ಮಾಲೀಕರು ರೇಗಿದರು: "ಇಷ್ಟು ಜನ ಇದೀರ, ಒಬ್ರಾದ್ರೂ ನೀರು ಹಾಕಬಾರ್ದಾ?" ಮರುದಿನ ಹೊಸ ಗಿಡ ತಂದರು. ಎಲ್ಲರೂ ನೀರು ಹಾಕಿ ಹೋದ ಮೇಲೆ ತಾವೂ ಒಂದು ಚೊಂಬು ಹಾಕಿದರು.

೨

ಅಕೌಂಟ್ಸ್ ಮೇಡಂ ಸಂಜೆ ಹೊರಗೆ ಬಂದರೆ ಸ್ಕೂಟರ್ ಇಲ್ಲ. ಡಿಸ್ಪ್ಯಾಚ್ ನೋಡಿಕೊಳ್ಳುವ ಮೂಡಲಪಾಳ್ಯದವನು ಎಲ್ಲರಿಗಿಂತ ಮುಂದೆ ಓಡಿದ. ಎರಡು ಬೀದಿ ಹುಡುಕಿದ, ಎಳನೀರಿನವನನ್ನು ವಿಚಾರಿಸಿದ, ಮೇಡಂ ಅವರನ್ನು ಪೊಲೀಸ್ ಸ್ಟೇಷನ್‌ವರೆಗೂ ಕರೆದೊಯ್ದ. ಮೆಟ್ಟಿಲ ಮೇಲೆ ನಿಂತು ಕೇಳಿದ: "ಅಂದ್ಹಾಗೆ, ನಿಮ್ಮ ಗಾಡಿ ಯಾವ ಕಲರ್ ಮೇಡಂ?"

"ನೀಲಿ."

"ಅಯ್ಯೋ, ಅದಾ? ಬಿಸಿಲಲ್ಲಿ ಕಾಯ್ತಿತ್ತು ಅಂತ ನಾನೇ ಹಿಂದ್ಗಡೆ ನೆರಳಿಗೆ ಹಾಕ್ದೆ!"

೩

ನಮ್ಮ ಸ್ಟೋರ್ಸ್ ಹುಡುಗನಿಗೆ ಕೆಂಗೇರಿ ಉಪನಗರದ ಸಂಬಂಧ ಬಂತು. ಫೋಟೋ ನೋಡಿಯೇ ಕರಗಿ ಹೋಗಿದ್ದ. ಹಿಂದಿನ ಎರಡು ಸಂಬಂಧ ಮುರಿದದ್ದು ಹುಡುಗಿ ಕಡೆಯವರು ಆಫೀಸಿಗೆ ಬಂದು ವಿಚಾರಿಸಿದ ಮೇಲೆಯೇ. ಈಗ ಹುಡುಗಿಯ ಸೋದರಮಾವ ಬರುತ್ತಾರೆಂದು ತಿಳಿದು ಅವನಿಗೆ ಅನ್ನ ಸೇರಲಿಲ್ಲ.

"ನೀನು ಗೋಡೌನಲ್ಲಿರು ಮಗಾ. ಎದುರಿಗೆ ಬಂದ್ರೆ ತೊದಲ್ತೀಯ. ನಾನು ಮಾತಾಡ್ತೀನಿ" ಎಂದ ಮೂಡಲಪಾಳ್ಯದವನು.

ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಹುಡುಗ ಚಿನ್ನ ಎಂದ. ಸೋದರಮಾವನಿಗೆ ಕಾಫಿ ತರಿಸಿದ, ಮೊಬೈಲ್ ಚಾರ್ಜ್‌ಗೆ ಹಾಕಿಕೊಟ್ಟ, ಕೊನೆಗೆ ಬೈಕಿನಲ್ಲಿ ವಿಜಯನಗರ ಮೆಟ್ರೋವರೆಗೂ ಬಿಟ್ಟು ಬಂದ. ಇಷ್ಟೂ ಹೊತ್ತು ನಮ್ಮ ವರ ಗೋಡೌನಿನಲ್ಲಿ ಬೆವರುತ್ತಿದ್ದ.

ವಾರದ ಮೇಲೆ ಉತ್ತರ ಬಂತು. ಸೋದರಮಾವನಿಗೆ ಹಿಡಿಸಿದ್ದು ಮೂಡಲಪಾಳ್ಯದವನು.

ಸ್ಟೋರ್ಸ್ ಹುಡುಗ ಅವನ ಕಾಲರ್ ಹಿಡಿದ. "ನೀನೇನಂದೆ?"

"ದೊಡ್ಡೋರು, ಮನೆವರ್ಗೂ ಬಂದು ಕೇಳಿದ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಗುರು."

ನನಗೆ ನಿಜಕ್ಕೂ ಸ್ಟೋರ್ಸ್ ಹುಡುಗನ ಮೇಲೆ ಮರುಕ ಹುಟ್ಟಿತು. ಎರಡು ತಿಂಗಳು ಅವನು ಮಾತು ಬಿಟ್ಟಿದ್ದ. ಆದರೂ ಮದುವೆಯ ದಿನ ಬಡಿಸುವವರು ಕಡಿಮೆ ಬಿದ್ದಾಗ, ಪಂಚೆ ಎತ್ತಿ ಕಟ್ಟಿ ಪಾಯಸದ ಬಕೆಟ್ ಹಿಡಿದವನು ಅವನೇ. ಎಷ್ಟಾದರೂ ನಮ್ಮ ಆಫೀಸಿನವನಲ್ಲವೇ!

ಎಲೆಯ ಮುಂದೆ ಕೂತ ಮದುಮಗನಿಗೆ ಕಣ್ಣು ತುಂಬಿ ಬಂತು. "ಬೇಜಾರ್ ಮಾಡ್ಕೋಬೇಡ ಮಗಾ. ಮುಂದಿನ ಸಂಬಂಧ ಬರ್ಲಿ, ನಿನ್ ಪರವಾಗಿ ನಾನೇ ಮಾತಾಡ್ತೀನಿ" ಎಂದ.

ಸ್ಟೋರ್ಸ್ ಹುಡುಗ ಬಕೆಟ್ ಕೆಳಗಿಟ್ಟು, ಮದುಮಗಳ ಕಡೆ ತಿರುಗಿ ಕೈಮುಗಿದ. "ಮೇಡಂ, ಅವತ್ತು ಇವನನ್ನ ಮನೇಲೇ ಕೂಡಿಹಾಕ್ಕೊಳ್ಳಿ. ನಿಮ್ಮಿಂದ ಅಷ್ಟು ಉಪಕಾರ ಆದ್ರೆ ಸಾಕು."