ಹತ್ತು ವರ್ಷಕ್ಕೆ ಚಿಲ್ಲರೆ ಇಲ್ಲ

ನಾಡಿನಲ್ಲಿ ಕಾಲ ಸುಮ್ಮಸುಮ್ಮನೆ ಕಳೆದುಹೋಗುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಿ, ಟಿವಿ ವಾಹಿನಿಯೊಂದು ‘ಕಾಲ ಕಾಯ್ದವರು’ ಎಂಬ ಸ್ಪರ್ಧೆಯನ್ನು ರಾಯದುರ್ಗದಲ್ಲಿ ಏರ್ಪಡಿಸಿತು. ಯಾರು ಎಷ್ಟು ಕಾಲ ಉಳಿಸುತ್ತಾರೋ ಅಷ್ಟನ್ನೂ ಗೆದ್ದವರಿಗೆ ವೇದಿಕೆಯ ಮೇಲೆಯೇ ಹಸ್ತಾಂತರಿಸಲಾಗುವುದೆಂದು ಪ್ರಕಟಣೆಯಲ್ಲಿತ್ತು.

ಕಾಟಮ್ಮನಿಗೆ ಬೇಕಾಗಿದ್ದದ್ದು ಎರಡೇ ದಿನ. ಜೀನ್ಸ್ ಕಾರ್ಖಾನೆಯಲ್ಲಿ ಹೊಸ ಪ್ಯಾಂಟಿನ ಮಂಡಿಗೆ ಸ್ಯಾಂಡ್‌ಪೇಪರ್ ಉಜ್ಜಿ ಹಳೆಯದು ಮಾಡುವುದು ಅವಳ ಕೆಲಸ. ಸವೆದಷ್ಟೂ ಪಟ್ಟಣದಲ್ಲಿ ಬೆಲೆ ಹೆಚ್ಚು. ಮಡಕಶಿರಾ ಕಡೆಯ ಹಳ್ಳಿಗೆ ಕೊಟ್ಟ ಮಗಳು ಮಮತಾಗೆ ಏಳು ತಿಂಗಳು ತುಂಬಿತ್ತು. ತಾಯಿ ಹೋಗಿ ಮಡಿಲು ತುಂಬದೆ ಸೀಮಂತವಾಗುವುದಿಲ್ಲ.

“ಎಲ್ಡು ದಿನ ರಜ ಕೊಡಿ ಸಾರ್,” ಎಂದು ಸೂಪರ್‌ವೈಸರ್ ಗೋವರ್ಧನನನ್ನು ಕೇಳಿದಳು.

“ಯಾಕ ಕಾಟಮ್ಮ, ಅರ್ಜೆಂಟ್ ಆರ್ಡರ್ ಅದ, ಕಾಣವಲ್ದೇನು? ಟೈಮ್ ಬೇಕಂದ್ರ ಟಿವಿಯವ್ರನ್ನ ಕೇಳು, ಹೋಗು.”

ಕಾಟಮ್ಮ ಹೋಗಿ ಸ್ಪರ್ಧೆಗೆ ಹೆಸರು ಕೊಟ್ಟಳು.

ಕೊನೆಯ ಸುತ್ತಿನಲ್ಲಿ ಅವಳೆದುರು ಉಳಿದವರು ನಿವೃತ್ತ ಅಧಿಕಾರಿ ಸಿದ್ದಬಸಪ್ಪನವರು. “ಮೂವತ್ತು ವರ್ಷ ಸರ್ವೀಸ್ರಿ,” ಎಂದರು. “ಒಂದು ದಿನನೂ ಖರ್ಚು ಮಾಡಿಲ್ಲ. ಹೆಂಗ ಕೊಟ್ಟಿದ್ರೋ ಹಂಗ ಅದ.” ತೀರ್ಪುಗಾರರು ಎದ್ದು ನಿಂತು ಗೌರವಿಸಿದರು. ಆದರೆ ಅದು ಸರ್ಕಾರದ ಕಾಲವಾದ್ದರಿಂದ ಎರಡನೆಯ ಸ್ಥಾನ ಕೊಟ್ಟರು.

ಕಾಟಮ್ಮ ಹೊಸ ಪ್ಯಾಂಟೊಂದನ್ನು ತೊಡೆಯ ಮೇಲೆ ಹರಡಿ ಕಾಲು ಗಂಟೆ ಉಜ್ಜಿದಳು. ತೀರ್ಪುಗಾರರು ಮುಟ್ಟಿ ನೋಡಿ, ಇದು ಹತ್ತು ವರ್ಷ ತೊಟ್ಟ ಪ್ಯಾಂಟೆಂದು ಒಮ್ಮತದಿಂದ ಘೋಷಿಸಿದರು. ಹತ್ತು ವರ್ಷದ ಕೆಲಸ ಕಾಲು ಗಂಟೆಯಲ್ಲಿ! ಕಾಲು ಗಂಟೆಯನ್ನು ಔದಾರ್ಯದಿಂದ ಮನ್ನಾ ಮಾಡಿ, ಪೂರ್ತಿ ಹತ್ತು ವರ್ಷ ಅವಳದೆಂದರು.

“ಅಷ್ಟೆಲ್ಲ ಯಾಕೆ ಸ್ವಾಮಿ? ಎಲ್ಡು ದಿನ ಕೊಡಿ, ಮಿಕ್ಕಿದ್ದು ನೀವೇ ಇಟ್ಕಳಿ.”

ನಿರೂಪಕ ಸಾಯಿಪ್ರಸಾದ್ ನಿಯಮಾವಳಿ ನೋಡಿ ವಿಷಾದಿಸಿದ. “ಇಡಿಯಾಗಿಯೇ ತಗೋಬೇಕಮ್ಮ. ಚಿಲ್ಲರೆ ಇಲ್ಲ.”

ಬಸ್ಸಿನಲ್ಲಿ ಓಡಾಡಿದ ಜನಕ್ಕೆ ಇದು ನ್ಯಾಯವಾಗಿಯೇ ಕಂಡಿತು. ನೋಡಲು ಬಂದಿದ್ದ ಗೋವರ್ಧನ ವೇದಿಕೆಯ ಕೆಳಗಿನಿಂದಲೇ ಕೂಗಿದ: “ಹತ್ತೂ ವರ್ಷ ತಗಂಡ್ರ ನಾಳಿಂದ ಕೆಲಸಕ್ಕ ಬರಬ್ಯಾಡ!”

ಕಾಟಮ್ಮ ಅಳತೊಡಗಿದ್ದರಿಂದ, ಅದು ನೇರ ಪ್ರಸಾರವೂ ಆಗಿದ್ದರಿಂದ, ವಾಹಿನಿ ಮಾನವೀಯತೆಯ ಆಧಾರದ ಮೇಲೆ ಜಾಹೀರಾತಿಗೆ ಮುಂಚಿನ ಅರ್ಧ ನಿಮಿಷ ಮಂಜೂರು ಮಾಡಿತು. ಹತ್ತು ವರ್ಷವನ್ನು ತಾನೇ ಭದ್ರವಾಗಿ ಇಟ್ಟುಕೊಂಡಿತು. ಮಮತಾಗೆ ಫೋನು ಹೋಯಿತು. ಹಳ್ಳಿಯಲ್ಲಿ ಟಿವಿಯನ್ನು ದೇವರ ಗೂಡಿನ ಮುಂದಿಟ್ಟು ಕುಂಕುಮ ಹಚ್ಚಿದರು. ಮಮತಾ ಅದರೆದುರು ಮಣೆಯ ಮೇಲೆ ಸೆರಗೊಡ್ಡಿ ಕೂತಳು.

“ಕ್ಯಾಮೆರಾ ಕಡೆ ಸುರೀರಮ್ಮ,” ಎಂದ ಸಾಯಿಪ್ರಸಾದ್.

ಕಾಟಮ್ಮ ಮಗಳಿಗೆಂದು ಚೀಲದಲ್ಲಿ ಕಟ್ಟಿಟ್ಟುಕೊಂಡಿದ್ದ ಅಕ್ಕಿ, ಬೆಲ್ಲ, ಕೊಬ್ಬರಿ ಸುರಿದಳು.

ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು. “ಅಮ್ಮಾ, ನಿನ್ ಕೈ ಕಾಣಿಸ್ತು. ಮುಖ ಬರೋ ವೊತ್ಗೆ ಸೊಳ್ಳೆಬತ್ತಿ ಬಂತು.”

“ಮಡ್ಲು ತುಂಬ್ತೇನವ್ವ?”

“ತುಂಬ್ತು ಕಣಮ್ಮ. ನಮ್ಮತ್ತೇನೂ ತುಂಬ್ತು ಅಂದ್ರು.”

ನೆಲದ ಮೇಲಿನ ಅಕ್ಕಿಯನ್ನು ಗುಡಿಸಿಟ್ಟು ಕಾಟಮ್ಮ ಕೆಲಸಕ್ಕೆ ಮರಳಿದಳು.

ಆ ಹಳ್ಳಿಯಲ್ಲಿ ಈಗ ಅದೇ ಪದ್ಧತಿ. ಯಾವಳಾದರೂ ತಾಯಿ ಸೀಮಂತಕ್ಕೆಂದು ಚೀಲ ಹೊತ್ತು ತಾನೇ ಬಸ್ಸಿಳಿದರೆ, ಹೆಂಗಸರು ಅವಳನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸದಂತೆ ವಿಚಾರಿಸುತ್ತಾರೆ: “ಯಾಕಮ್ಮ, ಟಿವೀಲಿ ಜಾಗ ಸಿಗ್ಲಿಲ್ವಾ?”